ಬಕ್ಕೇಶಪ್ಪನವರ ಗಿಂಡಿ ತೀರ್ಥ

ದಾವಣಗೆರೆಯ ಹತ್ತಿ ಗಿರಣಿಯೊಂದರಲ್ಲಿ ಡಿಸ್ಪ್ಯಾಚ್ ಗುಮಾಸ್ತರಾಗಿದ್ದ ಬಕ್ಕೇಶಪ್ಪನವರು ತಮ್ಮ ಜೀವಮಾನದಲ್ಲಿ ಕಾನೂನು ಮುರಿಯಲು ಹೊರಟದ್ದು ಒಂದೇ ಒಂದು ಸಲ. ಆ ದಿನ ಅವರ ಹಿಂದೆ ನಲವತ್ತು ಜನ ಭಕ್ತರು, ಒಬ್ಬ ಸಬ್ ಇನ್ಸ್‌ಪೆಕ್ಟರು ಮತ್ತು ಒಂದು ನಾಯಿ ಕೈಮುಗಿದುಕೊಂಡು ನಡೆದರು. ನಾಯಿ ಕೈಮುಗಿದಿರಲಿಲ್ಲ ಎಂದು ಹೇಳುವವರೂ ಇದ್ದಾರೆ. ಉಳಿದದ್ದರಲ್ಲಿ ಭಿನ್ನಾಭಿಪ್ರಾಯವಿಲ್ಲ.

ಎಲ್ಲಕ್ಕೂ ಮೂಲ ಒಂದು ಕ್ಯಾಲೆಂಡರು. ಗಿರಣಿಗೆ ಯಂತ್ರದ ಬಿಡಿಭಾಗ ಕಳಿಸುತ್ತಿದ್ದ ವಿಲಾಯತಿ ಕಂಪನಿಯೊಂದು ವರ್ಷಕ್ಕೊಂದು ಕ್ಯಾಲೆಂಡರನ್ನೂ ಕಳಿಸುತ್ತಿತ್ತು. ಅದರ ಸೆಪ್ಟೆಂಬರ್ ತಿಂಗಳ ಚಿತ್ರವನ್ನು ಬಕ್ಕೇಶಪ್ಪನವರು ಮ್ಯಾನೇಜರರ ಅಪ್ಪಣೆ ಪಡೆದು ಮನೆಗೆ ತಂದು ಅಡುಗೆಮನೆಯ ಗೋಡೆಗೆ ಅಂಟಿಸಿದ್ದರು. ಚಿತ್ರದಲ್ಲಿ ಒಂದು ಹೊಳೆ. ಹೊಳೆಯಾಚೆ ಸೂರ್ಯ ಮುಳುಗುತ್ತಿದ್ದಾನೆ. ದಂಡೆಯ ಮೇಲೆ ಜಮಖಾನ ಹಾಸಿಕೊಂಡು ಒಬ್ಬ ಸಾಹೇಬ, ಅವನ ಹೆಂಡತಿ. ಇಬ್ಬರ ಕೈಯಲ್ಲೂ ಒಂಟಿ ಕಾಲಿನ ಗಾಜಿನ ಲೋಟ, ಲೋಟದಲ್ಲಿ ಕೆಂಪಗೆ ವೈನು. ಪಕ್ಕದಲ್ಲಿ ಬುಟ್ಟಿ, ಬುಟ್ಟಿಯಲ್ಲಿ ಬ್ರೆಡ್ಡು, ಬುಟ್ಟಿಯ ಪಕ್ಕದಲ್ಲಿ ನಾಯಿ. ರಾತ್ರಿ ಶಾಲೆಗೆ ಹೋಗಿ ಇಂಗ್ಲಿಷ್ ಕಲಿಯುತ್ತಿದ್ದ ಬಕ್ಕೇಶಪ್ಪನವರಿಗೆ ಇಂಥದೊಂದು ಚಿತ್ರ ಮನೆಯಲ್ಲಿದ್ದರೆ ವ್ಯಾಕರಣಕ್ಕೆ ಒಳ್ಳೆಯದು ಎನ್ನಿಸಿತ್ತು.

ಆ ವರ್ಷ ಡಿಸೆಂಬರಿನಲ್ಲಿ ಅವರ ಹೆಂಡತಿ ಸರ್ವಮಂಗಳಮ್ಮ ವಿಷಮಶೀತ ಜ್ವರ ಬಂದು ಮೂರು ವಾರ ಮಲಗಿದರು. ಜ್ವರ ಬಿಟ್ಟಿತು, ಹಸಿವು ಬರಲಿಲ್ಲ. ಗಂಜಿ ಕೊಟ್ಟರೆ ಎರಡು ಗುಟುಕು. ಹಣ್ಣು ಕೊಟ್ಟರೆ ಪಕ್ಕಕ್ಕೆ. ಮಾತೂ ಅಷ್ಟೇ, ಎರಡು ಗುಟುಕು. ಪಿ.ಜೆ. ಬಡಾವಣೆಯ ಡಾಕ್ಟರು ನಾಡಿ ಹಿಡಿದು, ನಾಲಿಗೆ ನೋಡಿ, ಬಕ್ಕೇಶಪ್ಪನವರನ್ನು ಹೊರಗೆ ಕರೆದರು.

"ನನ್ನ ಔಷಧಿ ಮುಗೀತು ಕಣ್ರಿ. ಇನ್ನೇನಿದ್ರೂ ಅವರ ಬಾಯಿಂದ ಅವರೇ 'ಹಸಿವು' ಅನ್ನಬೇಕು. ಬಲವಂತ ಮಾಡಿ ತಿನ್ನಿಸಿದ್ದು ಮೈಗೆ ಹತ್ತಲ್ಲ. ಹಿಂಗೇ ಇನ್ನೊಂದು ತಿಂಗಳಾದ್ರೆ ಕಷ್ಟ. ಏನಾದ್ರೂ ಅವರ ಮನಸಿಗೆ ಹಿತ ಆಗೋದು ಮಾಡ್ರಿ."

"ಅದು ಯಾವ ಅಂಗಡ್ಯಾಗ ಸಿಗ್ತೈತಿ ಸಾರ್?" ಎಂದು ಬಕ್ಕೇಶಪ್ಪನವರು ಕೇಳಿ, ಬರೆದುಕೊಳ್ಳಲು ಪೆನ್ಸಿಲು ತೆಗೆದರು. ಡಾಕ್ಟರು ಮುಂದಿನ ರೋಗಿಯನ್ನು ಕರೆದರು.

ಮನೆಗೆ ಬಂದು ಹೆಂಡತಿಯ ಹತ್ತಿರ ಕುಳಿತು, "ನಿನಗೇನು ಬೇಕು ಹೇಳು. ಏನಾದ್ರೂ ಸೈ" ಎಂದರು. ಸರ್ವಮಂಗಳಮ್ಮ ಬಹಳ ಹೊತ್ತು ಯೋಚಿಸಿದರು. ಹದಿನಾಲ್ಕು ವರ್ಷದ ಸಂಸಾರದಲ್ಲಿ ಈ ಪ್ರಶ್ನೆ ಬಂದದ್ದು ಇದೇ ಮೊದಲು. ಕೊನೆಗೆ ಗೋಡೆಯ ಕಡೆ ಬೆರಳು ತೋರಿಸಿದರು.

"ಅವರಿಬ್ರು ಕೂತಾರಲ್ರಿ... ಹಂಗೆ ಒಂದ್ಸಲ."

ಅಷ್ಟು ಹೇಳಿ ಸುಸ್ತಾಗಿ ಕಣ್ಣು ಮುಚ್ಚಿದರು. ಬಕ್ಕೇಶಪ್ಪನವರ ಕಣ್ಣು ಮಾತ್ರ ಆ ರಾತ್ರಿ ಮುಚ್ಚಲಿಲ್ಲ.

ಇಲ್ಲಿ ಅವರ ಕೆಲಸದ ರೀತಿಯನ್ನು ಹೇಳದಿದ್ದರೆ ಅವರಿಗೆ ಅನ್ಯಾಯವಾಗುತ್ತದೆ. ಡಿಸ್ಪ್ಯಾಚ್ ಗುಮಾಸ್ತನಿಗೆ ಇನ್‌ವಾಯ್ಸೇ ದೇವರು. ಅದರಲ್ಲಿ ಹನ್ನೆರಡು ಬೇಲು ಎಂದಿದ್ದರೆ ಗಾಡಿಯಲ್ಲಿ ಹನ್ನೆರಡು ಬೇಲು ಇರಬೇಕು. ಹನ್ನೊಂದು ಏರಿಸಿ 'ಪೂರ್ತಿ' ಎಂದು ರುಜು ಹಾಕಿದ ಪಾಪ ಬಕ್ಕೇಶಪ್ಪನವರಿಗೆ ಇದುವರೆಗೆ ಅಂಟಿರಲಿಲ್ಲ. ಬೆಳಗಿನ ಜಾವಕ್ಕೆ ಅವರು ಗೋಡೆಯ ಚಿತ್ರದ ಮುಂದೆ ಚಿಮಣಿ ಹಿಡಿದು ನಿಂತು, ಗಿರಣಿಯ ಚೀಟಿಯ ಮೇಲೆ ದುಂಡಗಿನ ಅಕ್ಷರದಲ್ಲಿ ಬರೆದುಕೊಂಡರು: ಹೊಳೆ ಒಂದು. ಮುಳುಗುವ ಸೂರ್ಯ ಒಂದು. ಜಮಖಾನ ಒಂದು. ಬುಟ್ಟಿ, ಬ್ರೆಡ್ಡು ಸಮೇತ, ಒಂದು. ಒಂಟಿ ಕಾಲಿನ ಲೋಟ ಎರಡು. ವೈನು ಒಂದು. ನಾಯಿ ಒಂದು. ನಾಯಿಯ ಮುಂದೆ ಆವರಣದಲ್ಲಿ 'ಅಲ್ಲೇ ಸಿಗಬಹುದು' ಎಂದು ಸೇರಿಸಿದರು.

ಹೊಳೆ ಮತ್ತು ಸೂರ್ಯ ಒಂಬತ್ತು ಮೈಲಿ ದೂರದ ಹರಿಹರದಲ್ಲಿದ್ದವು. ಜಮಖಾನ, ಬುಟ್ಟಿ ಮನೆಯಲ್ಲಿದ್ದವು, ಬ್ರೆಡ್ಡು ಬೇಕರಿಯಲ್ಲಿತ್ತು. ಲೋಟಕ್ಕಾಗಿ ಶರಬತ್ತಿನ ಅಂಗಡಿಯ ಖತೀಜಾಬೀ ಹತ್ತಿರ ಹೋದರು. ದಾವಣಗೆರೆಯಲ್ಲಿ ಒಂಟಿ ಕಾಲಿನ ಲೋಟ ಇದ್ದದ್ದು ಅವರೊಬ್ಬರಲ್ಲೇ.

"ಎರಡು ಲೋಟ ಒಂದಿನದ ಮಟ್ಟಿಗೆ ಬೇಕಿತ್ತು, ಬೂಬಮ್ಮಾ."

"ಮನ್ಯಾಗ ಶಾದಿ ಐತೇನ್ರಿ?"

"ಇಲ್ಲ, ಹೊಳಿ ನೋಡಾಕ ಹೊಂಟೀವಿ."

"ಅರೆ! ಹೊಳಿ ನೋಡಾಕ ಕಣ್ಣು ಸಾಕಲ್ರೀ, ಗ್ಲಾಸ್ ಯಾಕ?" ಎಂದು ಖತೀಜಾಬೀ ನಕ್ಕರು. ಬಕ್ಕೇಶಪ್ಪನವರ ಕಿವಿ ಕೆಂಪಾಯಿತು. ಅವರ ಕಿವಿ ಸುಳ್ಳು ಹೇಳುವಾಗ ಕೆಂಪಾಗುತ್ತಿರಲಿಲ್ಲ, ಏಕೆಂದರೆ ಸುಳ್ಳು ಹೇಳುವ ಅಭ್ಯಾಸವಿರಲಿಲ್ಲ. ಕಷ್ಟದ ನಿಜ ಹೇಳುವಾಗ ಕೆಂಪಾಗುತ್ತಿತ್ತು.

ಉಳಿದದ್ದು ವೈನು. ಅದು ಜಿಲ್ಲೆಯಲ್ಲಿ ಪಾನನಿರೋಧ ಜಾರಿಯಲ್ಲಿದ್ದ ಕಾಲ. ಸೇಂದಿಯ ಮರಗಳೂ ಪೊಲೀಸರನ್ನು ಕಂಡರೆ ನೆಟ್ಟಗೆ ನಿಲ್ಲುತ್ತಿದ್ದವು. ಆದರೆ ಗಿರಣಿಯ ನೇಯ್ಗೆ ಮಾಸ್ತರು ಡಿಸೋಜಾ ಮಂಗಳೂರಿನವರು. ಅವರ ತಾಯಿ ಕ್ರಿಸ್‌ಮಸ್ಸಿಗೆಂದು ದ್ರಾಕ್ಷಿ ಕೊಳೆಹಾಕಿ ಮಾಡಿ ಕಳಿಸಿದ್ದರಲ್ಲಿ ಅರ್ಧ ಸೀಸೆ ಉಳಿದಿತ್ತು. ಬಕ್ಕೇಶಪ್ಪನವರು ಕೇಳಿದಾಗ ಡಿಸೋಜಾ ಎರಡು ನಿಮಿಷ ಅವರ ಹಣೆಯ ವಿಭೂತಿಯನ್ನೇ ನೋಡಿದರು.

"ನೀವು? ವೈನು? ಮಾರಾಯ್ರೆ, ನೀವು ಕಾಫಿ ಕುಡಿದರೇ ರಾತ್ರಿ ನಿದ್ದೆ ಬರುವುದಿಲ್ಲ ಅಂತೀರಿ!"

"ನನಗಲ್ಲ. ಸರ್ವಮಂಗಳಾ ಬಾಯಿಬಿಟ್ಟು ಕೇಳ್ಯಾಳ."

ಡಿಸೋಜಾ ಮತ್ತೇನೂ ಕೇಳದೆ ಸೀಸೆ ತಂದುಕೊಟ್ಟರು. ಸೀಸೆ ಹಿಡಿದು ಬಸ್ಸು ಹತ್ತುವ ಧೈರ್ಯ ಬಕ್ಕೇಶಪ್ಪನವರಿಗೆ ಇರಲಿಲ್ಲ. ಮನೆಯಲ್ಲಿ ಕಲಾಯಿ ಹಾಕಿಸಿದ ಹೊಸ ಹಿತ್ತಾಳೆ ಗಿಂಡಿಯೊಂದಿತ್ತು. ವೈನನ್ನು ಅದಕ್ಕೆ ಬಗ್ಗಿಸಿ, ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ಮೇಲೆ ನಾಲ್ಕು ಬಿಲ್ವಪತ್ರೆ ಇಟ್ಟರು. ಯಾರಿಗೂ ಅನುಮಾನ ಬರಬಾರದೆಂದು ಅವರು ಮಾಡಿದ್ದು ಇಷ್ಟೇ. ಅನುಮಾನ ಬರಲಿಲ್ಲ. ಭಕ್ತಿ ಬಂತು.

ಮೊದಲು ಬಂದದ್ದು ವಠಾರದ ಬಸವಣ್ಣೆಮ್ಮನಿಗೆ. ಎಪ್ಪತ್ತು ದಾಟಿದ ಈಕೆ ವಠಾರದ ಯಾವ ಮನೆಯ ಬಾಗಿಲು ತೆರೆದರೂ ಒಳಗಿರುತ್ತಿದ್ದರು. ಭಾನುವಾರ ಮಧ್ಯಾಹ್ನ ಬಕ್ಕೇಶಪ್ಪನವರು ಒಂದು ಕೈಯಲ್ಲಿ ಗಿಂಡಿ, ಇನ್ನೊಂದು ಕೈಯಲ್ಲಿ ಬುಟ್ಟಿ, ಕಂಕುಳಲ್ಲಿ ಜಮಖಾನ ಹಿಡಿದು ಹೆಂಡತಿಯನ್ನು ಮೆಲ್ಲಗೆ ನಡೆಸಿಕೊಂಡು ಹೊರಗೆ ಬಂದಾಗ ಆಕೆ ಎದುರಿಗೇ ನಿಂತಿದ್ದರು.

"ಏನ್ ಬಕ್ಕೇಶಿ, ತೀರ್ಥ ಏನೋ? ಶ್ರೀಶೈಲದ್ದಾ?"

ಬಕ್ಕೇಶಪ್ಪನವರ ಗಂಟಲಿನಿಂದ ಹೌದಿಗೂ ಅಲ್ಲಕ್ಕೂ ನಡುವಿನ ಒಂದು ಸದ್ದು ಹೊರಟಿತು.

"ಅಂದ್ಕೊಂಡೆ! ಪಾತಾಳಗಂಗೆ ತೀರ್ಥ! ಹೆಂಡ್ತಿ ಬದುಕಿ ಬಂದ್ಲು ಅಂತ ಹೊಳಿದಂಡ್ಯಾಗ ಪೂಜೆ ಇಟ್ಕಂಡೀಯ. ನನಗೊಂದು ಮಾತು ಹೇಳ್ಲಿಲ್ಲ ನೋಡು. ತಡಿ, ಊದಬತ್ತಿ ತರ್ತೀನಿ."

"ದೊಡ್ಡಮ್ಮಾ, ಪೂಜೆ ಅಲ್ಲ, ಸುಮ್ನೆ ಕೂತು ಬರಾಕ..."

"ಸುಮ್ನೆ ಕೂತು ಬರಾಕ ಒಂಬತ್ತು ಮೈಲಿ ಯಾರಾದ್ರೂ ಹೋಗ್ತಾರೇನೋ? ಸುಳ್ಳು ಹೇಳಾಕೂ ಬರಲ್ಲ ನಿನಗ."

ಬಸ್ಸಿನಲ್ಲಿ ಬಸವಣ್ಣೆಮ್ಮ ಪಕ್ಕದ ಸೀಟಿನವರಿಗೆ ತೀರ್ಥದ ವಿಷಯ ಹೇಳಿದರು. ಬಸ್ಸು ದಾವಣಗೆರೆ ಬಿಡುವಾಗ ಅದು ಶ್ರೀಶೈಲದ ತೀರ್ಥವಾಗಿತ್ತು. ದಾರಿಯ ಮಧ್ಯಕ್ಕೆ ಬರುವಷ್ಟರಲ್ಲಿ ಬಕ್ಕೇಶಪ್ಪನವರು ಬರಿಗಾಲಲ್ಲಿ ನಡೆದುಹೋಗಿ ತಂದದ್ದಾಗಿತ್ತು. ಹರಿಹರದ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ, ಹಿಂದಿನ ಸೀಟಿನ ಒಬ್ಬರ ಸೊಂಟನೋವು ಗಿಂಡಿಯ ಗಾಳಿಗೇ ವಾಸಿಯಾಗಿತ್ತು. ಬಕ್ಕೇಶಪ್ಪನವರು ಗಿಂಡಿಯನ್ನು ಎದೆಗೆ ಅವಚಿಕೊಂಡು ಬೆವರುತ್ತಿದ್ದರು. "ನೋಡ್ರಿ, ಮೈಮೇಲೆ ಬಂದಂಗೈತಿ" ಎಂದು ಯಾರೋ ಪಿಸುಗುಟ್ಟಿದರು.

ಬಸ್ಸಿನ ಬಾಗಿಲಲ್ಲೇ ಖಾಕಿ. ಪಾನನಿರೋಧದ ಸಬ್ ಇನ್ಸ್‌ಪೆಕ್ಟರ್ ನಾಗರಾಜಪ್ಪ ಇಳಿಯುವವರ ಗಂಟು, ಚೀಲ, ಬುಟ್ಟಿಗಳನ್ನು ಒಂದೊಂದಾಗಿ ಮೂಸುತ್ತಿದ್ದರು. ಅವರ ಮೂಗಿನ ಖ್ಯಾತಿ ಎರಡು ತಾಲೂಕಿಗೆ ಹಬ್ಬಿತ್ತು. ಬಕ್ಕೇಶಪ್ಪನವರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಕೆಲಸ ಹೋಯಿತು. ಜೈಲಾಯಿತು. ಸರ್ವಮಂಗಳಾಗೆ ಗಂಜಿ ಕಾಯಿಸುವವರು ಯಾರು?

"ಅದರಾಗೇನೈತ್ರೀ?" ಎಂದು ನಾಗರಾಜಪ್ಪ ಕೈ ಚಾಚಿದರು.

"ಮುಟ್ಟೀಯ ಮತ್ತೆ!" ಬಸವಣ್ಣೆಮ್ಮ ನಡುವೆ ನುಗ್ಗಿದರು. "ಬೂಟು ಹಾಕ್ಕೊಂಡು ತೀರ್ಥ ಮುಟ್ತೀಯೇನು? ಪಾತಾಳಗಂಗೆ ಅದು! ಯಾರ ಮಗನಪ್ಪ ನೀನು?"

ನಾಗರಾಜಪ್ಪ ಥಟ್ಟನೆ ಕೈ ಹಿಂದಕ್ಕೆಳೆದುಕೊಂಡರು. ಟೋಪಿ ತೆಗೆದರು. ಸ್ವಲ್ಪ ಯೋಚಿಸಿ, ಕಾನ್‌ಸ್ಟೇಬಲ್ಲನಿಗೆ ಏನೋ ಹೇಳಿ, ಬೂಟನ್ನೂ ಬಿಚ್ಚಿ ಅಲ್ಲೇ ಬಿಟ್ಟು ಬರಿಗಾಲಲ್ಲಿ ಇವರ ಹಿಂದೆ ಹೊರಟರು. ಬಸ್ಸಿನವರೆಲ್ಲ ಹೊರಟರು. ದಾರಿಯಲ್ಲಿ ಕಂಡವರು ಏನೆಂದು ಕೇಳಿ ಸೇರಿಕೊಂಡರು. ದೇವಸ್ಥಾನದ ಹತ್ತಿರ ಒಂದು ಕೆಂಚು ನಾಯಿ, ಯಾರೂ ಹೇಳದೆಯೇ, ಬಕ್ಕೇಶಪ್ಪನವರ ಕಾಲ ಬಳಿ ಬಂದು ಜೊತೆಗೆ ನಡೆಯಿತು. ಇಷ್ಟು ಭಯದಲ್ಲೂ ಅವರು ಮನಸ್ಸಿನಲ್ಲೇ ಚೀಟಿಯ ಕೊನೆಯ ಸಾಲಿಗೆ ಗುರುತು ಹಾಕಿಕೊಂಡರು.

ದೇವಸ್ಥಾನದ ಹಿಂದೆ ತುಂಗಭದ್ರೆ ತಣ್ಣಗೆ ಹರಿಯುತ್ತಿತ್ತು. ಹಳೆಯ ಕಲ್ಲು ಸೇತುವೆಯ ಕಮಾನುಗಳ ನೆರಳು ನೀರಿನಲ್ಲಿ ಉದ್ದವಾಗಿತ್ತು. ಆಚೆ ದಡದ ಮೇಲೆ ಸೂರ್ಯ, ಕ್ಯಾಲೆಂಡರಿನಲ್ಲಿದ್ದಷ್ಟೇ ಎತ್ತರದಲ್ಲಿ. ಎಲ್ಲವೂ ಇನ್‌ವಾಯ್ಸಿನಂತೆಯೇ ಇತ್ತು, ನಲವತ್ತು ಜನ ಹೆಚ್ಚುವರಿ ಎಂಬುದನ್ನು ಬಿಟ್ಟರೆ.

ಬಸವಣ್ಣೆಮ್ಮ ಕಾರ್ಯ ಶುರುಮಾಡಿದರು. ಜಮಖಾನದ ಮೇಲೆ ವಯಸ್ಸಾದವರನ್ನು ಕೂರಿಸಿದರು. ಬುಟ್ಟಿಯಲ್ಲಿ ಕೈಹಾಕಿ, "ಇದೇನೋ ಲೋಟ? ಓ, ದೀಪಕ್ಕ ತಂದೀಯ!" ಎಂದು ಖತೀಜಾಬೀಯ ಶರಬತ್ತಿನ ಲೋಟಗಳಿಗೆ ಎಣ್ಣೆ ಹಾಕಿ ಬತ್ತಿ ಹಚ್ಚಿಬಿಟ್ಟರು. ಬ್ರೆಡ್ಡನ್ನು ತುಂಡು ತುಂಡು ಮಾಡಿ ಪ್ರಸಾದವೆಂದು ಹಂಚಿದರು. "ಪೇಟೆ ಕಡೇರು ಪ್ರಸಾದಾನೂ ನಾಜೂಕು ಮಾಡ್ಯಾರ" ಎಂದು ರೈತರೊಬ್ಬರು ಕಣ್ಣಿಗೊತ್ತಿಕೊಂಡು ತಿಂದರು. ಸರ್ವಮಂಗಳಮ್ಮ ಒಂದು ಮೆಟ್ಟಿಲಿಗೆ ಒರಗಿ ಇದನ್ನೆಲ್ಲ ಬೆಪ್ಪಾಗಿ ನೋಡುತ್ತಿದ್ದರು. ಗಂಡ ಹೊಳೆಗೆ ಕರೆದುಕೊಂಡು ಹೋಗುತ್ತೇನೆ ಎಂದಿದ್ದರೇ ಹೊರತು ಮಠ ಕಟ್ಟುತ್ತೇನೆ ಎಂದಿರಲಿಲ್ಲ.

"ಹ್ಞೂಂ, ಈಗ ಎಲ್ರಿಗೂ ತೀರ್ಥ ಕೊಡು, ಬಕ್ಕೇಶಿ" ಎಂದರು ಬಸವಣ್ಣೆಮ್ಮ. ಅಂಗೈಗಳು ಚಾಚಿದವು. ಸಾಲಿನ ಮೊದಲಿಗೆ ನಾಗರಾಜಪ್ಪ. ಅವರ ಕೈಯಲ್ಲಿ ಕಾನ್‌ಸ್ಟೇಬಲ್ಲನಿಂದ ತರಿಸಿಕೊಂಡ, ತೊಳೆದ ಒಂದು ಸಣ್ಣ ಔಷಧಿ ಸೀಸೆ.

"ನನಗಲ್ರೀ ಯಜಮಾನ್ರೆ," ಎಂದು ಅವರು ದನಿ ತಗ್ಗಿಸಿದರು. ಎರಡು ತಾಲೂಕು ನಡುಗಿಸುವ ದನಿ ಅದೆಂದು ಯಾರೂ ಹೇಳುವಂತಿರಲಿಲ್ಲ. "ಮಗಳಿಗೆ. ಏಳು ವರ್ಷ. ಹತ್ತು ದಿನ ಆತು, ಜ್ವರ ಬಿಟ್ಟಿಲ್ಲ. ಒಂದು ಹನಿ ಹಾಕ್ರಿ ಸಾಕು."

ಬಕ್ಕೇಶಪ್ಪನವರು ಆ ಪುಟ್ಟ ಸೀಸೆಯನ್ನು ನೋಡಿದರು. ಜೈಲಿನ ಹೆದರಿಕೆ ಅಲ್ಲಿಗೆ ನಿಂತುಹೋಯಿತು. ಅವರ ಕಿವಿ ಎರಡೂ ಕೆಂಪಗೆ, ಆಚೆ ದಡದ ಸೂರ್ಯನಿಗಿಂತ ಕೆಂಪಗೆ ಆದವು.

"ಸಾರ್, ಇದು ತೀರ್ಥ ಅಲ್ಲ."

"ದೊಡ್ಡೋರು ಹಂಗೇ ಅನ್ನೋದು" ಎಂದರು ಸಾಲಿನಲ್ಲಿದ್ದವರು.

"ಅಲ್ಲ ಸಾರ್, ಖರೇವಂದ್ರೂ ಅಲ್ಲ. ಇದು ವೈನು. ದ್ರಾಕ್ಷಿ ವೈನು. ನಾನು ತಂದಿದ್ದು. ಕುಡಿಯಾಕ ತಂದಿದ್ದು. ನನ್ನ ಹಿಡೀರಿ, ಆದ್ರೆ ಮಗೂಗೆ ಇದನ್ನ ಹಾಕಬ್ಯಾಡ್ರಿ."

ನಾಗರಾಜಪ್ಪ ಹೋ ಎಂದು ನಕ್ಕರು. ಸಾಲಿಗೆ ಸಾಲೇ ನಕ್ಕಿತು.

"ಏನ್ ವಿನಯ ಏನ್ ವಿನಯ! ಯಜಮಾನ್ರೆ, ಹನ್ನೊಂದು ವರ್ಷ ಸರ್ವೀಸು ನಂದು. ನನ್ನ ಮುಂದೆ ಇದುವರೆಗೆ ಒಬ್ಬನಾದ್ರೂ 'ನನ್ನ ಹತ್ರ ಐತೆ' ಅಂದಿಲ್ಲ. ಇದ್ದೋರೆಲ್ಲ 'ಇಲ್ಲ' ಅಂತಾರೆ. 'ಐತೆ' ಅಂದೋನ ಹತ್ರ ಇರಾಕ ಸಾಧ್ಯಾನೇ ಇಲ್ಲ. ಇಲಾಖೆ ಅನುಭವ ಇದು." ನಗು ನಿಲ್ಲಿಸಿ ಗಾಳಿ ಮೂಸಿದರು. "ಏನೋ ಹುಳಿ ವಾಸ್ನಿ ಮಾತ್ರ ಐತಿ, ಅಲ್ಲೇನ್ರೀ?"

"ಶ್ರೀಶೈಲದ ಬೇರಿಂದು!" ಎಂದು ಬಸವಣ್ಣೆಮ್ಮ ಊದಬತ್ತಿಯನ್ನು ಅವರ ಮೂಗಿನ ಕೆಳಗೇ ಹಿಡಿದರು. ಎರಡು ತಾಲೂಕಿನ ಮೂಗು ಮೂರು ಸಲ ಸೀನಿ ಸುಮ್ಮನಾಯಿತು.

ನಲವತ್ತು ಜನರಲ್ಲಿ ಬಕ್ಕೇಶಪ್ಪನವರ ಮಾತನ್ನು ನಂಬಿದವರು ಒಬ್ಬರೇ. ಆ ಕಿವಿಗಳನ್ನು ಹದಿನಾಲ್ಕು ವರ್ಷದಿಂದ ನೋಡಿದ್ದ ಸರ್ವಮಂಗಳಮ್ಮ. ಅವರು ಮೆಟ್ಟಿಲು ಹಿಡಿದು ಎದ್ದರು. ಜ್ವರ ಬಂದಾಗಿನಿಂದ ಯಾರೂ ಹಿಡಿಯದೆ ಹತ್ತು ಹೆಜ್ಜೆ ಇಟ್ಟಿರಲಿಲ್ಲ. ಈಗ ಇಟ್ಟು ಬಂದು ಗಂಡನ ಕೈಯಿಂದ ಗಿಂಡಿ ತೆಗೆದುಕೊಂಡರು.

"ಮೊದ್ಲು ಗಂಗಮ್ಮಗೆ ಕೊಡಬೇಕಲ್ಲೇನ್ರಿ," ಎಂದರು, ಎಲ್ಲರಿಗೂ ಕೇಳುವಂತೆ. "ಅವಳಿಗೆ ಕೊಡದೆ ನಾವು ತಗೊಂಡ್ರೆ ಹೆಂಗೆ?"

"ಅದು ಪದ್ಧತಿ!" ಎಂದರು ಬಸವಣ್ಣೆಮ್ಮ. ಜನ ತಲೆದೂಗಿದರು.

ಸರ್ವಮಂಗಳಮ್ಮ ನೀರಿಗಿಳಿದು, ಗಿಂಡಿಯ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಅದನ್ನು ಪೂರ್ತಿ ಬೋರಲು ಹಾಕಿದರು. ಡಿಸೋಜಾರ ತಾಯಿಯ ಅರ್ಧ ಸೀಸೆ ಕ್ರಿಸ್‌ಮಸ್ಸು ಕೆಂಪಗೆ ಹೊಳೆಗೆ ಸೇರಿತು. ಅಷ್ಟರಲ್ಲಿ ಹೊಳೆಯೆಲ್ಲ ಸಂಜೆಯ ಬಿಸಿಲಿಗೆ ಕೆಂಪಾಗಿತ್ತು. ಯಾವುದು ಗಿಂಡಿಯದು, ಯಾವುದು ಸೂರ್ಯನದು ಎಂದು ಯಾವ ಇಲಾಖೆಯೂ ಹೇಳುವಂತಿರಲಿಲ್ಲ. ಗಿಂಡಿಯನ್ನು ನಾಲ್ಕು ಸಲ ತೊಳೆದು, ಹೊಳೆಯ ನೀರು ತುಂಬಿ, ಬಿಲ್ವಪತ್ರೆ ಹಾಕಿ ಗಂಡನ ಕೈಗೆ ಕೊಟ್ಟು, "ಈಗ ಕೊಡ್ರಿ" ಎಂದರು.

ಬಕ್ಕೇಶಪ್ಪನವರು ಒಂದೊಂದು ಅಂಗೈಯನ್ನೂ ಎಣಿಸುತ್ತ ಕೊಟ್ಟರು. ನಾಗರಾಜಪ್ಪನವರ ಸೀಸೆ ತುಂಬಿಸುವಾಗ ಮಾತ್ರ ಅವರ ಮನಸ್ಸು ಮತ್ತೆ ಕುಟುಕಿತು.

"ಸಾರ್, ಇದನ್ನ ಚೆನ್ನಾಗಿ ಕುದಿಸಿ, ಆರಿಸಿ ಕೊಡ್ರಿ."

"ತೀರ್ಥಾನ ಕುದಿಸಾದಾ?"

"ಹ್ಞೂಂ ಸಾರ್. ಈ ತೀರ್ಥಕ್ಕ ಅದೇ ಕ್ರಮ. ಆಮೇಲೆ ನಾಳೆ ಬೆಳಗಿನ ಬಸ್ಸಿಗೇ ಮಗೂನ ಕರ್ಕೊಂಡು ದಾವಣಗೆರೆಗೆ ಬರ್ರಿ. ಪಿ.ಜೆ. ಬಡಾವಣ್ಯಾಗ ನಮ್ಮ ಡಾಕ್ಟರು ಅದಾರ. ಇವಳನ್ನ ಉಳಿಸಿದ್ದು ಅವರೇ. ನಾನು ಸ್ಟ್ಯಾಂಡಿನಾಗೇ ಕಾಯ್ತಿರ್ತೀನಿ."

ನಾಗರಾಜಪ್ಪ ಅವರ ಕೈಯನ್ನು ಎರಡೂ ಕೈಯಿಂದ ಹಿಡಿದು, ಬರಿಗಾಲಲ್ಲೇ ಸೆಲ್ಯೂಟು ಹೊಡೆದು ಹೋದರು. ಜನ ಕರಗಿದರು. ಬಸವಣ್ಣೆಮ್ಮ ಸೊಂಟನೋವಿನವರನ್ನು ಕರೆದುಕೊಂಡು ದೇವರ ದರ್ಶನಕ್ಕೆ ನಡೆದರು.

ಜಮಖಾನ ಖಾಲಿಯಾಯಿತು. ಗಂಡ ಹೆಂಡತಿ ಕೂತರು. ನಾಯಿಯೂ ಕೂತಿತು. ಶರಬತ್ತಿನ ಲೋಟಗಳಲ್ಲಿ ದೀಪ ಉರಿಯುತ್ತಿತ್ತು. ಸೂರ್ಯ ಇನ್ನೂ ಕಾಲು ಭಾಗ ಉಳಿದಿದ್ದ.

"ಈಗ ಹೇಳ್ರಿ. ಏನಿದೆಲ್ಲ?"

ಬಕ್ಕೇಶಪ್ಪನವರು ಕೋಟಿನ ಜೇಬಿನಿಂದ ಗೋಡೆಯಿಂದ ಬಿಡಿಸಿ ತಂದಿದ್ದ ಚಿತ್ರವನ್ನೂ ಚೀಟಿಯನ್ನೂ ತೆಗೆದರು. "ನೀನೇ ಕೇಳಿದ್ದೆಲ್ಲ. ಎಲ್ಲಾ ತಂದಿದ್ದೆ ಸರ್ವಮಂಗಳಾ. ವೈನು ಹೊಳಿ ಪಾಲಾತು, ಬ್ರೆಡ್ಡು ಜನದ ಪಾಲಾತು, ಲೋಟಕ್ಕ ಎಣ್ಣಿ ಆತು. ನನಗ ಯಾವ್ದೂ ನೆಟ್ಟಗ ಮಾಡಾಕ ಬರಲ್ಲ."

ಸರ್ವಮಂಗಳಮ್ಮ ಚೀಟಿಯನ್ನು ಮೇಲಿನಿಂದ ಕೆಳಗೆ ಓದಿದರು. ನಾಯಿಯ ಸಾಲಿಗೆ ಬಂದು ನಾಯಿಯ ಕಡೆ ನೋಡಿದರು. ಭುಜ ಅಲುಗಿತು. ಅಳುತ್ತಿದ್ದಾಳೆಂದು ಬಕ್ಕೇಶಪ್ಪನವರು ಗಾಬರಿಯಾದರು. ಅಳುವಲ್ಲ. ನಗು. ಕೆಮ್ಮು ಬರುವಷ್ಟು, ಕಣ್ಣೀರು ಬರುವಷ್ಟು, ನಾಯಿ ಎದ್ದು ನಿಲ್ಲುವಷ್ಟು ನಗು.

"ಅಯ್ಯೋ ನನ್ನ ಶಿವನೇ! ನಾನು ಬಾಟ್ಲಿ ಕೇಳಿದ್ನೇನ್ರಿ? ಬೆಳಗಾತಂದ್ರೆ ನಿಮಗ ಗಿರಣಿ, ಸಂಜಿ ಆತಂದ್ರೆ ಇಸ್ಕೂಲು. ನನಗ ಒಲಿ. ಅವರಿಬ್ರು ಕೈಯಾಗ ಕೆಲಸ ಇಲ್ದಂಗ ಪಕ್ಕಪಕ್ಕದಾಗ ಕೂತಾರಲ್ಲ, ಹಂಗೆ ಒಂದ್ಸಲ ಕೂತ್ಕಬೇಕು ಅಂದೆ. ಅಷ್ಟೇ."

"ಅಷ್ಟೇನಾ?"

"ಅಷ್ಟೇ."

ಬಕ್ಕೇಶಪ್ಪನವರು ಚೀಟಿಯನ್ನು ಇನ್ನೊಮ್ಮೆ ಮೇಲಿನಿಂದ ಕೆಳಗೆ ನೋಡಿದರು. ಏಳು ಬಾಬು ಬರೆದಿದ್ದರು. ಕೂತಿದ್ದ ಇಬ್ಬರನ್ನು ಬರೆಯುವುದು ಮರೆತೇಹೋಗಿತ್ತು. ಮೆಲ್ಲಗೆ ಒಂದು ಗೇಣು ಹತ್ತಿರ ಸರಿದರು. ಸರಿದದ್ದು ಸರಿಯೋ ತಪ್ಪೋ ಎಂದು ಸುತ್ತ ನೋಡಿದರು. ಸರ್ವಮಂಗಳಮ್ಮ ಉಳಿದ ಗೇಣನ್ನು ತಾವೇ ಸರಿದರು.

ಸೂರ್ಯ ಮುಳುಗಿದ. ಇಬ್ಬರೂ ಏನೂ ಮಾಡಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಸರ್ವಮಂಗಳಮ್ಮ ಮೂಗು ಅರಳಿಸಿದರು. ಮೆಟ್ಟಿಲ ಮೇಲೆ ಕೊಟ್ರವ್ವ ಎಂಬಾಕೆ ಮಂಡಕ್ಕಿಗೆ ಒಗ್ಗರಣೆ ಕಲಸುತ್ತಿದ್ದಳು.

"ಏನ್ರಿ... ಹಸಿವಾಗೈತಿ."

ಬಕ್ಕೇಶಪ್ಪನವರು ಎದ್ದ ರಭಸಕ್ಕೆ ಒಂದು ದೀಪ ಆರಿತು. ಓಡಿಹೋಗಿ, "ಮಂಡಕ್ಕಿ ಕೊಡವ್ವಾ, ಹಸಿವಾಗೈತಂತೆ, ಹಸಿವಾಗೈತಂತೆ!" ಎಂದರು. ಹಸಿದವರು ಹೀಗೆ ಹಿಗ್ಗುವುದನ್ನು ಕೊಟ್ರವ್ವ ನೋಡಿರಲಿಲ್ಲ.

"ಕೊಡ್ತೀನಿ ತಡೀರಿ. ಕಾಗದ ತೀರೈತಿ. ಎದರಾಗ ಕೊಡ್ಲಿ? ಉಡಿಯಾಗ ಹಾಕ್ಲಾ?"

ಬಕ್ಕೇಶಪ್ಪನವರು ತಮ್ಮ ಕೈ ನೋಡಿಕೊಂಡರು. ಚಿತ್ರ ಕೈಯಲ್ಲೇ ಇತ್ತು. ಒಂದು ಕ್ಷಣವೂ ತಡಮಾಡದೆ ಅದನ್ನೇ ಕೊಟ್ಟರು. ಕೊಟ್ರವ್ವ ಅದನ್ನು ಚೂಪಗೆ ಸುತ್ತಿ ಮಂಡಕ್ಕಿ ತುಂಬಿದಳು. ವಿಲಾಯತಿಯ ಹೊಳೆಯೊಳಗೆ ಈರುಳ್ಳಿ ಉದುರಿತು. ಸಾಹೇಬನೂ ಅವನ ಹೆಂಡತಿಯೂ ಎಣ್ಣೆಯಲ್ಲಿ ನೆನೆದು ಒಬ್ಬರಿಗೊಬ್ಬರು ಅಂಟಿಕೊಂಡರು.

"ಹಸಿಮೆಣಸಿನಕಾಯಿ ಇಡ್ಲೇನ್ರಿ?" ಎಂದಳು ಕೊಟ್ರವ್ವ.

"ಬ್ಯಾಡ ಬ್ಯಾಡ, ಡಾಕ್ಟರು ಅದನ್ನ ಹೇಳಿಲ್ಲ..."

"ಎರಡು ಇಡವ್ವಾ!" ಎಂದು ಜಮಖಾನದ ಕಡೆಯಿಂದ ದನಿ ಬಂತು. ಜ್ವರ ಬಂದಾಗಿನಿಂದ ಅಷ್ಟು ಗಟ್ಟಿಯಾಗಿ ಆ ದನಿ ಬಂದಿರಲಿಲ್ಲ.